ಗಂಬೂಟು ಹಾಕಿಕೊಂಡು ಸಹಿ ಮಾಡುತ್ತಿದ್ದ ಆಂಟಿ

ಶಕುಂತಲಾ ಆಂಟಿಯ ಮೇಜಿನ ಕೆಳಗೆ ಸದಾ ಒಂದು ಜೊತೆ ಕಪ್ಪು ಗಂಬೂಟು ಇರುತ್ತಿತ್ತು. ಮೊಣಕಾಲಿನವರೆಗೆ ಬರುವ, ಮೀನು ಹಿಡಿಯುವವರು ಹಾಕುವಂಥ ಗಂಬೂಟು. ಅಮೆರಿಕದ ಟೆಕ್ಸಸ್ ರಾಜ್ಯದ ರಾಜಧಾನಿ ಆಸ್ಟಿನ್‌ನ ಆ ಸರ್ಕಾರಿ ಕಚೇರಿಯ ಆರನೇ ಮಹಡಿಯಲ್ಲಿ ಕಾರ್ಪೆಟ್ ಹಾಸಿತ್ತು, ಏಸಿ ಇತ್ತು, ಕಿಟಕಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಗಿಡವಿತ್ತು. ಇವೆಲ್ಲದರ ನಡುವೆ ಒಣಗಿದ ಕೆಸರಿನ ವಾಸನೆ ಬರುತ್ತಿದ್ದರೆ ಅದು ಆಂಟಿಯ ಕೋಣೆ ಎಂದು ಹೊಸಬರಿಗೂ ಗೊತ್ತಾಗುತ್ತಿತ್ತು. ಕಸ ಗುಡಿಸಲು ಬರುತ್ತಿದ್ದ ಹೆಂಗಸು ವಾರಕ್ಕೊಮ್ಮೆ ಗೊಣಗುತ್ತಿದ್ದಳು. ಆಂಟಿ ಅವಳಿಗೆ ಒಂದು ಡಬ್ಬಿ ಶೇಂಗಾ ಹೋಳಿಗೆ ಕೊಟ್ಟು ಸಮಾಧಾನ ಮಾಡಿದ ಮೇಲೆ ಅವಳೇ ಬೂಟಿನ ಅಡಿಗೆ ಹಳೇ ಪೇಪರ್ ಹಾಸತೊಡಗಿದಳು.

ಅವರ ಕೆಲಸದ ಹೆಸರು ಗ್ರಾಂಟ್ ಮ್ಯಾನೇಜರ್. ಹಾಳಾದ ಹಳ್ಳ, ಜೌಗು, ಸಮುದ್ರದಂಚನ್ನು ಮತ್ತೆ ಮೀನು ಸೀಗಡಿಗಳು ಬದುಕುವಂತೆ ಸರಿಪಡಿಸುವ ಸಣ್ಣ ಸಣ್ಣ ಗುಂಪುಗಳಿಗೆ ರಾಜ್ಯ ಅನುದಾನ ಕೊಡುತ್ತಿತ್ತು. ಯಾರಿಗೆ ಕೊಡಬೇಕು, ಕೊಟ್ಟ ಮೇಲೆ ಅವರು ಹೇಳಿದ ಕೆಲಸ ಮಾಡಿದರೇ, ಮುಂದಿನ ವರ್ಷವೂ ಕೊಡಬಹುದೇ ಎಂದು ನೋಡಿ ಸಹಿ ಮಾಡುವವರು ಆಂಟಿ. ಬೇರೆಯವರು ಆ ಸಹಿಯನ್ನು ಕುರ್ಚಿಯಲ್ಲಿ ಕೂತು ಮಾಡುತ್ತಿದ್ದರು. ಇವರು ಮಾತ್ರ ಬೂಟು ತೆಗೆದುಕೊಂಡು, ಆಫೀಸಿನ ಬಿಳಿ ಪಿಕಪ್ ಹತ್ತಿ, ನಾಲ್ಕು ಗಂಟೆ ಡ್ರೈವ್ ಮಾಡಿ, ಕೆಸರಿಗಿಳಿದು, ನೆಟ್ಟ ಗಿಡದ ಬುಡಕ್ಕೆ ಕೈ ಹಾಕಿ ನೋಡಿ ಆಮೇಲೆ ಪೆನ್ನು ತೆಗೆಯುತ್ತಿದ್ದರು. ಇಷ್ಟೆಲ್ಲ ಯಾಕೆ, ಫೋಟೋ ಕಳಿಸುತ್ತಾರಲ್ಲ ಎಂದು ನಾನೊಮ್ಮೆ ಜಾಣತನ ತೋರಿಸಿದ್ದಕ್ಕೆ, "ಲಗ್ನದ ಫೋಟೋ ನೋಡಿ ಸಂಸಾರ ಹೆಂಗೈತಿ ಅಂತ ಹೇಳಾಕ ಬರ್ತೈತೇನ್ ಸುಮಾ?" ಎಂದಿದ್ದರು.

ನಾನು ಆ ಕಚೇರಿಗೆ ಹೋದದ್ದು ಆಸೆಪಟ್ಟಲ್ಲ. ಎರಡು ಸಾವಿರದ ಒಂದರ ಕೊನೆಗೆ ಸಾಫ್ಟ್‌ವೇರ್ ಕಂಪನಿಗಳು ಜನರನ್ನು ಗೋಣಿಚೀಲ ಕೊಡವಿದಂತೆ ಕೊಡವುತ್ತಿದ್ದಾಗ ನಾನೂ ಹೊರಗೆ ಬಿದ್ದೆ. ಆಂಟಿಯ ಕಚೇರಿಗೆ ಬರುವ ಅರ್ಜಿ, ವರದಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಡುವ ಕೆಲಸ ಖಾಲಿಯಿತ್ತು. ಮೊದಲ ಆರು ತಿಂಗಳು ಪರೀಕ್ಷಾವಧಿ, ಆಮೇಲೆ ಕಾಯಂ. ಮೈಸೂರಿನ ಕುವೆಂಪುನಗರದಲ್ಲಿ ಬೆಳೆದ ನನಗೆ ಜೌಗು ಎಂದರೆ ಸೊಳ್ಳೆ, ಅಷ್ಟೆ. ಆಂಟಿ ರಾಣೆಬೆನ್ನೂರಿನವರು, ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದವರು. ಹಣೆಯ ಮೇಲೆ ಸಾಸಿವೆಯಷ್ಟು ಕುಂಕುಮ, ತೋಳು ಮಡಚಿದ ಗಂಡಸರ ಶರ್ಟು. ಮೊದಲ ದಿನವೇ ನಾನು ಅಭ್ಯಾಸಬಲದಿಂದ ಆಂಟಿ ಎಂದುಬಿಟ್ಟೆ. ಅವರು ಬಾಗಿಲ ಕಡೆ ನೋಡಿ, "ಆಫೀಸಿನ್ಯಾಗ ಬ್ಯಾಡ. ಗಾಡಿ ಹತ್ತಿದ ಮ್ಯಾಲೆ ಎಷ್ಟ ಬೇಕಾದಷ್ಟು ಆಂಟಿ ಅನ್ನು" ಎಂದರು. ಮುಂದೆ ಅದೇ ನಮ್ಮ ಕಾನೂನಾಯಿತು.

ಟೆಕ್ಸಸ್‌ಗೆ ಬರುವ ಮುನ್ನ ಅವರು ದೂರದ ವಾಷಿಂಗ್ಟನ್ ರಾಜ್ಯದಲ್ಲಿ ಸಾಲ್ಮನ್ ಮೀನುಗಳನ್ನು ಹೊಳೆಗಳಿಗೆ ಮರಳಿ ತರುವ ಯೋಜನೆಗಳ ಅನುದಾನ ನೋಡಿಕೊಳ್ಳುತ್ತಿದ್ದರು. ಅಲ್ಲಿಂದ ಗಂಡನ ಕೆಲಸದ ಜೊತೆ ಆಸ್ಟಿನ್‌ಗೆ ಶಿಫ್ಟ್ ಆದಾಗ ತಂದದ್ದು ಈ ಬೂಟು ಮತ್ತು ಒಂದು ವರದಿ ನಮೂನೆ. ಅವರು ಬೇಡದ ಪ್ರಶ್ನೆಗಳಿಗೆ ಗೀಟು ಹಾಕಿ ಆ ನಮೂನೆಯನ್ನು ಕಂಪ್ಯೂಟರಿಗೆ ಹಾಕಲು ನನಗೆ ಕೊಟ್ಟರು. ನಾನು ಗೀಟು ಗಮನಿಸದೆ ಪೂರ್ತಿ ಹಾಕಿ ಕಳಿಸಿಬಿಟ್ಟೆ. ಟೆಕ್ಸಸ್‌ನ ಅಷ್ಟೂ ಗುಂಪುಗಳಿಗೆ, ಈ ವರ್ಷ ನಿಮ್ಮ ಹಳ್ಳಕ್ಕೆ ಎಷ್ಟು ಸಾಲ್ಮನ್ ಮೊಟ್ಟೆಯಿಡಲು ಬಂದವು ಎಂಬ ಪ್ರಶ್ನೆ ಹೋಯಿತು. ಈ ರಾಜ್ಯದಲ್ಲಿ ಸಾಲ್ಮನ್ ಸಿಗುವುದು ಅಂಗಡಿಯ ಫ್ರೀಜರಿನಲ್ಲಿ ಮಾತ್ರ. ಕೆಲವರು ಖಾಲಿ ಬಿಟ್ಟಿದ್ದರು. ಒಬ್ಬ ಪುಣ್ಯಾತ್ಮ ಹನ್ನೆರಡು ಎಂದು ಬರೆದಿದ್ದ. ಡಲ್ಲಾಸ್‌ನ ಒಂದು ಹಳ್ಳದ ಗುಂಪಿನವರು, "ಒಂದೂ ಬಂದಿಲ್ಲ. ಇದು ಡಲ್ಲಾಸ್. ದಾರಿ ತಪ್ಪಿ ಬಂದರೆ ಖಂಡಿತ ತಿಳಿಸುತ್ತೇವೆ" ಎಂದು ಬರೆದಿದ್ದರು.

ನನಗೆ ಬೈಗುಳ ಗ್ಯಾರಂಟಿ ಎಂದು ಕೂತಿದ್ದೆ. ಆಂಟಿ ಆ ಡಲ್ಲಾಸ್ ಕಾಗದವನ್ನು ಗೋಡೆಗೆ ಚುಚ್ಚಿ, "ಇವ್ರು ಸುಳ್ಳು ಬರಿಯೂ ಮಂದಿ ಅಲ್ಲ ನೋಡು" ಎಂದರು. ಹನ್ನೆರಡು ಸಾಲ್ಮನ್ ಕಂಡವನ ಹಳ್ಳಕ್ಕೆ ಮರುವಾರವೇ ಬೂಟು ಹಾಕಿಕೊಂಡು ಹೊರಟರು.

ಒಂದು ಯುಗಾದಿಗೆ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ನಮ್ಮ ಕನ್ನಡದವರು ಅವರನ್ನು ಭಾಷಣಕ್ಕೆ ಕರೆದಿದ್ದರು. ಸ್ವಾಗತ ಮಾಡಿದವರು, ಸಾಲ್ಮನ್ ಹುಟ್ಟಿದ ಹೊಳೆಗೆ ಮರಳುವ ಹಾಗೆ ನಮ್ಮ ಮನಸ್ಸೂ ತಾಯ್ನಾಡಿಗೆ ಎಂದು ರಾಗ ಎಳೆದರು. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಆಂಟಿ ಮೈಕ್ ಹಿಡಿದು, "ನಿಮ್ಮ ಊರಿನ ನೆನಪು ಮೀನಿಗೆ ಹಚ್ಚಬ್ಯಾಡ್ರಿ. ಅದಕ್ಕ ತಣ್ಣನ್ನ ನೀರು ಬೇಕು, ಮೊಟ್ಟಿ ಇಡಾಕ ಸಣ್ಣ ಕಲ್ಲು ಬೇಕು, ದಾರ್ಯಾಗ ಅಡ್ಡ ಗ್ವಾಡಿ ಇರಬಾರದು. ಅಷ್ಟ ಮಾಡಿಕೊಡ್ರಿ, ಉಳಿದಿದ್ದು ಅದ ಮಾಡಿಕೊಂತೈತಿ" ಎಂದು ಮೂರೇ ನಿಮಿಷದಲ್ಲಿ ಕೆಳಗಿಳಿದರು. ಮತ್ತೆ ಯಾರೂ ಅವರನ್ನು ಭಾಷಣಕ್ಕೆ ಕರೆಯಲಿಲ್ಲ. ಹೋಳಿಗೆ ಊಟಕ್ಕೆ ಮಾತ್ರ ಕರೆಯುತ್ತಿದ್ದರು, ಇವರೂ ತಪ್ಪದೆ ಹೋಗುತ್ತಿದ್ದರು.

ಈಗ ನನ್ನ ದೊಡ್ಡ ತಪ್ಪಿನ ವಿಷಯ. ಹ್ಯೂಸ್ಟನ್ ದಾಟಿ ಹೋದರೆ ಸಿಗುವ ಕೊಲ್ಲಿಯ ದಡದಲ್ಲಿ ಲಾಮ್ ಎಂಬ ಮುದುಕರಿದ್ದರು. ವಿಯೆಟ್ನಾಂನಿಂದ ಬಂದು, ಬಹಳ ವರ್ಷ ಸೀಗಡಿ ದೋಣಿ ನಡೆಸಿ, ಸೀಗಡಿ ಕಡಿಮೆಯಾಗುತ್ತ ಹೋದಾಗ ದೋಣಿ ಮಾರಿದವರು. ದಡದ ಹುಲ್ಲು ಹೋದದ್ದರಿಂದಲೇ ಮರಿ ಸೀಗಡಿಗಳಿಗೆ ಅಡಗಲು ಜಾಗವಿಲ್ಲವಾಯಿತು ಎಂದು ಅವರಿಗೆ ಗೊತ್ತಿತ್ತು. ಊರಿನ ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ನೀರಿನಂಚಿಗೆಲ್ಲ ಜೌಗುಹುಲ್ಲು ನೆಟ್ಟಿದ್ದರು. ಮೊದಲ ವರ್ಷದ ಅನುದಾನ ಮುಗಿದಿತ್ತು. ನೆಟ್ಟದ್ದು ಬದುಕಿದ್ದರೆ ಮಾತ್ರ ಎರಡನೇ ವರ್ಷದ್ದು. ಅದಿಲ್ಲದಿದ್ದರೆ ಉಳಿದರ್ಧ ದಡ ಹಾಗೇ ಬೋಳು.

ಜನವರಿಯಲ್ಲಿ ಅವರ ಫೋಟೋಗಳು ಬಂದವು. ಹುಲ್ಲೆಲ್ಲ ಕಂದು, ಬಗ್ಗಿಹೋಗಿತ್ತು. ಆಂಟಿ ಮಗಳ ಬಾಣಂತನಕ್ಕೆಂದು ಡಲ್ಲಾಸ್ ಹತ್ತಿರದ ಮರ್ಫಿಗೆ ಹೋಗಿದ್ದರು. ನಾನು, ಗಿಡಗಳೆಲ್ಲ ಸತ್ತಿವೆ, ಮುಂದಿನ ಅನುದಾನ ನಿಲ್ಲಿಸಲಾಗಿದೆ ಎಂದು ಪತ್ರ ಸಿದ್ಧಮಾಡಿ ಸಹಿಗೆಂದು ಅವರಿಗೆ ಫ್ಯಾಕ್ಸ್ ಮಾಡಿದೆ. ಎಳೆಗೂಸಿಗೆ ಜ್ವರ, ಬಾಣಂತಿಗೆ ನಿದ್ದೆಯಿಲ್ಲ. ಆ ಗಡಿಬಿಡಿಯಲ್ಲಿ ಆಂಟಿ ಸಹಿ ಮಾಡಿ ವಾಪಸ್ ಕಳಿಸಿದರು. ಪತ್ರ ಲಾಮ್ ಅವರಿಗೆ ಹೋಯಿತು. ಎಂಥಾ ಚುರುಕು ನಾನು ಎಂದು ನನಗೇ ಹೆಮ್ಮೆಯಾಗಿತ್ತು.

ಮರಳಿ ಬಂದ ದಿನ ಆಂಟಿ ಆ ಫೋಟೋಗಳನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು.

"ಇವನ್ನ ಯಾವಾಗ ತಗದಾರ?"

"ಜನವರಿ ಮೊದಲ್ನೇ ವಾರ ಮೇಡಂ."

"ನೀ ಹೋಗಿ ನೋಡಿದ್ದೇನು?"

"ಇಲ್ಲ."

"ನಾನೂ ಹೋಗಿಲ್ಲ" ಎಂದರು. ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಬೆಳಿಗ್ಗೆಯೇ ಹೊರಟೆವು. ದಡದಲ್ಲಿ ಚಳಿಗಾಳಿ ಬೀಸುತ್ತಿತ್ತು, ನೀರು ಇಳಿದಿತ್ತು. ಲಾಮ್ ಕಾಯುತ್ತ ನಿಂತಿದ್ದರು. ನಮ್ಮ ಪತ್ರ ಅವರ ಜಾಕೆಟಿನ ಜೇಬಿನಲ್ಲಿತ್ತು. "ಹುಲ್ಲು ಮಲಗಿದೆ ಅಂದುಕೊಂಡಿದ್ದೆ. ಸರ್ಕಾರ ಸತ್ತಿದೆ ಅಂದಮೇಲೆ ನನಗೂ ಅನುಮಾನ ಬಂತು. ಮಕ್ಕಳಿಗೆ ಇನ್ನೂ ಹೇಳಿಲ್ಲ" ಎಂದರು. ಅವರ ಮುಖ ನೋಡಲಾಗದೆ ನಾನು ನೀರಿನ ಕಡೆ ನೋಡಿದೆ.

ಆಂಟಿ ಆಗಲೇ ಕೆಸರಿಗೆ ಇಳಿದಾಗಿತ್ತು. "ಬಾ ಸುಮಾ" ಎಂದು ಕರೆದರು.

"ಬೂಟ್ ತಂದಿಲ್ಲ ಆಂಟಿ."

"ಕಾಲು ತಂದೀಯಲ್ಲ, ಬಾ."

ಶೂಸ್ ಬಿಚ್ಚಿ ಇಳಿದೆ. ಪಾದ ಮರಗಟ್ಟಿತು. ಅವರು ನನ್ನ ಮಣಿಕಟ್ಟು ಹಿಡಿದು, ಒಣಗಿದ ಹುಲ್ಲಿನ ಬುಡದಲ್ಲಿ ಕೆಸರೊಳಕ್ಕೆ ಕೈ ಇಳಿಸಿದರು. ಬೆರಳಿಗೆ ಏನೋ ಚೂಪಾದದ್ದು, ಗಟ್ಟಿಯಾದದ್ದು ಸಿಕ್ಕಿತು. ಕೆಸರು ಸರಿಸಿದೆ. ಬೆಳ್ಳಗಿನ ಮೊಳಕೆ, ತುದಿಯಲ್ಲಿ ಒಂದಿಷ್ಟು ಹಸಿರು. ಪಕ್ಕದ ಬುಡಕ್ಕೆ ಕೈ ಹಾಕಿದೆ, ಅಲ್ಲೂ ಇತ್ತು. ಅದರ ಪಕ್ಕದಲ್ಲೂ ಇತ್ತು. ಜೀವಂತ ಗಿಡಗಳಿಗೆಲ್ಲ ನಾನು ಸಾವಿನ ಸರ್ಟಿಫಿಕೇಟ್ ಬರೆದಿದ್ದೆ.

"ಮುದುಕಪ್ಪ ಹೇಳಿದ್ದು ಖರೆ. ಮಲಗೈತಿ, ಸತ್ತಿಲ್ಲ. ಮಾರ್ಚ್‌ಗೆ ಏಳ್ತೈತಿ" ಎಂದು ಆಂಟಿ ಎದ್ದರು.

ಕೈ ಒರೆಸಿಕೊಂಡು ಲಾಮ್ ಹತ್ತಿರ ಹೋಗಿ ಪತ್ರ ಕೇಳಿ ತೆಗೆದುಕೊಂಡರು. ಪಿಕಪ್ಪಿನ ಮೂತಿಯ ಮೇಲೆ ಇಟ್ಟು, ಅಡ್ಡಡ್ಡ 'ರದ್ದು' ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದರು. "ಮೊದಲನೇ ಸಹಿಯೂ ನನ್ನದೇ. ನೋಡದೆ ಹಾಕಿದೆ. ತಪ್ಪು ನನ್ನದು, ಇವಳದಲ್ಲ. ಹೊಸ ಪತ್ರ ಸೋಮವಾರ ಹೊರಡುತ್ತದೆ. ನನ್ನನ್ನು ಕ್ಷಮಿಸಿ" ಎಂದರು. ಒಬ್ಬ ಸರ್ಕಾರಿ ಅಧಿಕಾರಿ ಹೀಗೆ ಕೆಸರು ಕಾಲಲ್ಲಿ ನಿಂತು ಕ್ಷಮೆ ಕೇಳಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಲಾಮ್ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮತ್ತೆ ಅದೇ ಜೇಬಿಗೆ ಇಟ್ಟುಕೊಂಡರು. ಆಮೇಲೆ ಆಂಟಿ ಸ್ಟೀಲ್ ಡಬ್ಬಿ ತೆಗೆದರು. ಮೂವರೂ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ತಿಂದೆವು. ಚಟ್ನಿಪುಡಿ ಲಾಮ್‌ಗೆ ಎಷ್ಟು ಹಿಡಿಸಿತೆಂದರೆ ಡಬ್ಬಿಯ ತಳವನ್ನೂ ಕೆರೆದರು.

ವಾಪಸ್ ಬರುವಾಗ ತಡೆಯಲಾರದೆ ಹೇಳಿಬಿಟ್ಟೆ. "ಆಂಟಿ, ಇನ್ನೊಂದಿದೆ. ಡಿಸೆಂಬರ್‌ನಲ್ಲಿ ನಮ್ಮನೆ ಲಾನ್ ಕಂದು ಬಣ್ಣ ಆಯ್ತು. ಸತ್ತೋಯ್ತು ಅಂತ ಇವ್ರೂ ನಾನೂ ಎರಡು ದಿನ ಕೂತು ಪೂರ್ತಿ ಅಗೆದು ಹಾಕಿದ್ವಿ." ಅವರು ನನ್ನನ್ನೊಮ್ಮೆ ನೋಡಿದರು. ಆಮೇಲೆ ಪಿಕಪ್ ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಹಚ್ಚಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಪಕ್ಕದ ಮನಿಯವರ ಲಾನೂ ಕಂದು ಬಣ್ಣ ಇತ್ತಲ್ಲವಾ, ಅದನ್ನರ ನೋಡಬಾರದಾ?" ನೋಡಿದ್ದೆವು. ಪಾಪ, ಅವರದೂ ಸತ್ತಿದೆ ಎಂದು ಮರುಗಿದ್ದೆವು.

ಸೋಮವಾರ ಅವರು ಮೇಲಧಿಕಾರಿಗೆ ನಡೆದದ್ದನ್ನು ಬರೆದುಕೊಟ್ಟರು. ಆಂಟಿಯ ಕಡತಕ್ಕೆ ಒಂದು ಎಚ್ಚರಿಕೆ ಸೇರಿತು. ಅಷ್ಟು ವರ್ಷದ ನೌಕರಿಯಲ್ಲಿ ಮೊದಲನೆಯದು. ನನ್ನ ಕಡತದಲ್ಲಿ ಏನೂ ಇರಲಿಲ್ಲ, ಕೆಲಸ ಕಾಯಂ ಆಯಿತು. ಬರೆದವಳು ನಾನಲ್ಲವೇ ಎಂದು ಕೇಳಿದ್ದಕ್ಕೆ, "ಬರದಾಕಿ ನೀ ಇರಬಹುದು. ನೋಡಾಕ ಅಂತ ಪಗಾರ ಕೊಡೂದು ನನಗ" ಎಂದರು. ನಾನು ಅಂದು ಬಾತ್‌ರೂಮಿಗೆ ಹೋಗಿ ಅತ್ತೆ.

ಆ ಮಾರ್ಚ್‌ನಲ್ಲಿ ದಡ ಹಸಿರಾಯಿತು. ಉಳಿದರ್ಧವನ್ನೂ ಮಕ್ಕಳು ನೆಟ್ಟರು.

ಮೂರು ವರ್ಷದ ನಂತರ ಆಂಟಿ ನಿವೃತ್ತರಾಗಿ ಮರ್ಫಿಯಲ್ಲೇ ಮನೆ ಮಾಡಿದರು. ಅವರ ಕುರ್ಚಿಗೆ ನಾನು ಬಂದೆ. ಮೇಜಿನ ಕೆಳಗೆ ನೋಡಿದರೆ ಬೂಟು ಅಲ್ಲೇ ಇತ್ತು. ನನಗೆ ಒಂದು ಸೈಜು ದೊಡ್ಡದು, ಎರಡು ಸಾಕ್ಸ್ ಹಾಕಿಕೊಳ್ಳುತ್ತೇನೆ.

ಎರಡು ಸಾವಿರದ ಎಂಟರ ಸೆಪ್ಟೆಂಬರ್‌ನಲ್ಲಿ ಚಂಡಮಾರುತ ಆ ಕೊಲ್ಲಿಯ ಮೇಲೆಯೇ ಹಾದುಹೋಯಿತು. ಡಿಸೆಂಬರ್‌ನಲ್ಲಿ ಬಂದ ಫೋಟೋಗಳಲ್ಲಿ ಲಾಮ್ ಅವರ ದಡ ಗುರುತೇ ಸಿಗಲಿಲ್ಲ. ಹೂಳು, ಮನೆಗಳ ಹಲಗೆ, ಒಂದು ಮಗುಚಿಬಿದ್ದ ಫ್ರಿಜ್ಜು. ಕಚೇರಿಯಲ್ಲಿ ಎಲ್ಲರೂ ಈ ಯೋಜನೆ ಮುಚ್ಚೋಣ, ಹಣ ಬೇರೆ ಕಡೆ ಕೊಡೋಣ ಎಂದರು. ಶುಕ್ರವಾರದೊಳಗೆ ನಾನು ಸಹಿ ಮಾಡಬೇಕಿತ್ತು. ಲಾಮ್ ಫೋನಿನಲ್ಲಿ ವಾದ ಮಾಡಲಿಲ್ಲ. "ನೀವು ಬರ್ತೀರಾ?" ಎಂದಷ್ಟೇ ಕೇಳಿದರು.

ಬುಧವಾರ ಹೋದೆ. ಮೊದಲ ಮೂರು ಕಡೆ ಕೈ ಹಾಕಿದರೆ ಕೊಳೆತು ಕಪ್ಪಾದ ಬೇರು. ನಾಲ್ಕನೆಯ ಕಡೆ, ಹೂಳಿನ ಅಡಿಯಲ್ಲಿ, ಬೆರಳಿಗೆ ಚುಚ್ಚಿತು. ಆಮೇಲೆ ಅಲ್ಲಲ್ಲಿ ಸಿಗುತ್ತಲೇ ಹೋಯಿತು. ಸಂಭ್ರಮದಲ್ಲಿ ಒಂದು ಬುಡವನ್ನು ಕೆಸರಿನ ಸಮೇತ ಕಿತ್ತು ನನ್ನ ಊಟದ ಡಬ್ಬಿಗೆ ಹಾಕಿಕೊಂಡು ನೇರ ಮರ್ಫಿಗೆ ಹೊರಟೆ. ಆಂಟಿಗೆ ಆಗ ಕ್ಯಾನ್ಸರ್ ಬಲಿತಿತ್ತು, ಇನ್ನು ಫಲವಿಲ್ಲವೆಂದು ಔಷಧಿ ನಿಲ್ಲಿಸಿದ್ದರು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಕೈ ಕಡ್ಡಿಯಾಗಿತ್ತು. ಡಬ್ಬಿ ಮುಚ್ಚಳ ತೆಗೆದು ತೊಡೆಯ ಮೇಲಿಟ್ಟೆ. ಅವರು ಕೆಸರೊಳಗೆ ಬೆರಳಿಟ್ಟು, ಕಣ್ಣು ಮುಚ್ಚಿ ಹುಡುಕಿದರು.

"ಗಟ್ಟಿ ಐತಿ" ಎಂದರು. ಮುಖ ಅರಳಿತು. ಮರುಕ್ಷಣವೇ ಹುಬ್ಬು ಗಂಟಿಕ್ಕಿತು. "ಇದನ್ನ ಯಾಕ ಕಿತ್ತಿ?"

"ನಿಮಗೆ ತೋರಿಸೋಣ ಅಂತ ಆಂಟಿ."

"ನಾ ನೋಡಿ ಏನ್ ಮಾಡ್ಲಿ? ಈಗ ನೋಡೂದು ನಿನ್ನ ಕೆಲಸ. ಹೋಗು, ಬೇರು ಒಣಗೂದ್ರೊಳಗ ಎಲ್ಲಿಂದ ತಂದೀಯೋ ಅಲ್ಲೇ ಹಚ್ಚು." ನಾನು ಎದ್ದೆ. "ಉಂಡು ಹೋಗು" ಎಂದರು.

ಉಂಡು, ರಾತ್ರಿ ಅಲ್ಲೇ ಉಳಿದೆ. ಮರುದಿನ ಐದು ಗಂಟೆ ಡ್ರೈವ್ ಮಾಡಿ ಅದೇ ಗುಂಡಿಯಲ್ಲಿ ಆ ಬುಡವನ್ನು ನೆಟ್ಟು, ದಡದಿಂದಲೇ ಫೋನ್ ಮಾಡಿದೆ. "ಹಚ್ಚಿದ್ಯಾ? ಹಂಗಾರ ಸೈನ್ ಮಾಡು" ಎಂದರು. ಶುಕ್ರವಾರ ಮಾಡಿದೆ. ಯೋಜನೆ ಉಳಿಯಿತು. ನಾನು ಅವರ ದನಿ ಕೇಳಿದ್ದು ಅದೇ ಕೊನೆ. ಫೆಬ್ರವರಿಯಲ್ಲಿ ಆಂಟಿ ಹೋಗಿಬಿಟ್ಟರು.

ಮಾರ್ಚ್‌ನಲ್ಲಿ ಲಾಮ್ ಕರೆದರು, ಹೋದೆ. ಬೂಟು ಹಾಕಿಕೊಂಡು ಇಳಿದು, ನಾನು ಹಚ್ಚಿದ ಬುಡ ಯಾವುದೆಂದು ಬಹಳ ಹೊತ್ತು ಹುಡುಕಿದೆ. ಗೊತ್ತಾಗಲಿಲ್ಲ. ಸುತ್ತಲಿದ್ದವೆಲ್ಲ ಎದ್ದಿದ್ದವು.