ಏನೂ ಕಾಣಲಿಲ್ಲ ಎಂದು ಬರೆದ ಪುಟ

ಆ ಹಕ್ಕಿಯನ್ನು ನಾನೂ ನೋಡಿದ್ದೆ, ವಸುಧಾ. ನೋಡಿಯೂ ನೋಡಲಿಲ್ಲವೆಂದು ಬರೆದೆ. ನೀನು ಕಟ್ಟುಕತೆ ಹೇಳುತ್ತೀಯೆಂದು ಎಲ್ಲರೂ ಆಡಿಕೊಂಡಾಗ ಬಾಯಿ ಮುಚ್ಚಿಕೊಂಡು ಕೂತೆ. ಹತ್ತು ವರ್ಷ ದಾಟಿತು — ಇನ್ನೂ ಮುಚ್ಚಿಕೊಂಡೇ ಇದ್ದೇನೆ.

ನನ್ನದು ಮೊದಲಿನಿಂದಲೂ ಸಂಶಯದ ಬುದ್ಧಿ. ಹಾಲಿನವನು ಕಣ್ಣೆದುರೇ ಅಳೆದು ಕೊಟ್ಟರೂ ಒಳಗೆ ಹೋಗಿ ಮತ್ತೊಮ್ಮೆ ಅಳೆಯುವ ಮನುಷ್ಯ ಎಂದು ಮನೆಯಲ್ಲಿ ಈಗಲೂ ನಗುತ್ತಾರೆ. ನಿನ್ನ ಮೇಲೆ ಅನುಮಾನ ಹುಟ್ಟಿದ್ದು ಹಡಗು ಹತ್ತುವ ಹಿಂದಿನ ದಿನ. ನಿಕೋಬಾರಿನ ಹಕ್ಕಿ ಸರ್ವೆಗೆಂದು ನಾವಿಬ್ಬರೂ ಪ್ಯಾರೀಸ್ ಕಾರ್ನರ್ ಪೇಟೆಗೆ ಹಗ್ಗ, ಟಾರ್ಪಾಲು ಕೊಳ್ಳಲು ಹೋಗಿದ್ದೆವು. ನೀನು ಒಂದು ದಪ್ಪ ಲಕೋಟೆಯನ್ನು ಅಂಚೆ ಡಬ್ಬಿಗೆ ಹಾಕುತ್ತಿದ್ದೆ. ನನ್ನನ್ನು ಕಂಡೊಡನೆ ವಿಳಾಸದ ಮೇಲೆ ಕೈ ಇಟ್ಟೆ.

"ಯಾರಿಗೆ?" ಅಂದೆ.

"ಅದೆಲ್ಲಾ ನಿಂಗ್ಯಾಕೋ?" ಅಂತ ನೀನು ನಕ್ಕುಬಿಟ್ಟೆ.

ಓಹೋ, ಹೀಗೋ! ನಮ್ಮ ಪ್ರೊಫೆಸರ್ ಸಾರ್‌ಗೂ ನನಗೂ ಗೊತ್ತಾಗದ ಹಾಗೆ ಯಾವುದೋ ವಿದೇಶಿ ಪತ್ರಿಕೆಗೆ ಬರೆಯುತ್ತಿದ್ದಾಳೆ. ಕೆಲಸ ಮೂವರದು, ಹೆಸರು ಇವಳೊಬ್ಬಳದು — ಅಲ್ಲೇ ತೀರ್ಮಾನಿಸಿಬಿಟ್ಟೆ. ಹಡಗಿನಲ್ಲಿ ಅಷ್ಟೂ ದಿನ ನಿನ್ನ ಮೇಲೆಯೇ ಕಣ್ಣಿಟ್ಟಿದ್ದೆ. ನೀನು ಬರೆಯುತ್ತಾ ಪುಟಕ್ಕೆ ಕೈ ಅಡ್ಡ ಇಟ್ಟರೆ, ಅದು ಪುಟ ಗಾಳಿಗೆ ಹಾರದಿರಲು ಇರಬಹುದೆನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ದ್ವೀಪದಲ್ಲಿ ಸಾರ್ ಹಾಕಿದ್ದು ಒಂದೇ ನಿಯಮ. ಇಬ್ಬರೂ ಇಪ್ಪತ್ತು ಹೆಜ್ಜೆ ದೂರ ನಿಲ್ಲಬೇಕು, ಮಾತಾಡಕೂಡದು, ಕಂಡದ್ದನ್ನು ಅವರವರ ಪುಸ್ತಕದಲ್ಲಿ ಅಲ್ಲೇ ಬರೆಯಬೇಕು. ಇಬ್ಬರ ಪುಸ್ತಕದಲ್ಲೂ ಇದ್ದದ್ದು ಮಾತ್ರ ನಿಜ.

ಅವತ್ತು ಬೆಳಿಗ್ಗೆ ಹಳ್ಳವು ಸಮುದ್ರ ಸೇರುವ ಕಡೆ, ಕೇದಗೆ ಪೊದೆಯೊಳಗಿಂದ ಅದು ಹೊರಗೆ ಬಂತು. ನಮ್ಮ ಕೆರೆಯಂಚಿನ ಹುಂಡುಕೋಳಿಯ ಜಾತಿಯದೇ, ಆದರೆ ಇಟ್ಟಿಗೆ ಬಣ್ಣ. ಇನ್ನೂ ಒಂದು ಹೆಸರೂ ಇಲ್ಲದ ಹಕ್ಕಿ. ಅದನ್ನು ಕಂಡವರೇ ಇಲ್ಲವೆನ್ನುವಷ್ಟು ಅಪರೂಪ. ನೀನು ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದೆ. ಅಯ್ಯೋ, ಆ ಸಂತೋಷ — ಅದರಲ್ಲಿ ನನಗೂ ಪಾಲಿತ್ತು, ನೀನು ಕೊಡುತ್ತಿದ್ದೆ. ನಾನು ತಲೆಯೆತ್ತಿ ಮರದ ಮೇಲಿನ ಪಾರಿವಾಳ ನೋಡುವವನಂತೆ ನಟಿಸಿದೆ. ಆಮೇಲೆ ಪೆನ್ನು ತೆಗೆದು 'ಏನೂ ಕಾಣಲಿಲ್ಲ' ಎಂದು ಬರೆದೆ.

ಡೇರೆಯಲ್ಲಿ ಸಾರ್ ಎರಡೂ ಪುಸ್ತಕ ಬಿಚ್ಚಿಟ್ಟು ನೀನೂ ನೋಡಿದೆಯಾ ಎಂದು ತಮಿಳಿನಲ್ಲೇ ನನ್ನನ್ನು ಕೇಳಿದರು: "ನೀಯುಂ ಪಾತ್ತಿಯಾ?"

"ಇಲ್ಲ ಸಾರ್."

ಕೊಕ್ಕಿನ ಬಣ್ಣ ಯಾವುದೆಂದು ನಿನ್ನನ್ನು ಕೇಳಿದರು. "ಅದರ ಬೆನ್ನು ನನ್ನ ಕಡೆಗಿತ್ತು, ಕೊಕ್ಕು ಕಾಣಲಿಲ್ಲ ಸಾರ್," ಅಂದೆ ನೀನು. ಸುಳ್ಳು ಹೇಳುವವಳಾಗಿದ್ದರೆ ಒಂದು ಬಣ್ಣ ಹೇಳಿಬಿಡುತ್ತಿದ್ದೆ. ಅಷ್ಟೂ ತೋಚದೆ ಸಾರ್ ನಕ್ಕು ನಿನ್ನ ಸಾಲನ್ನು ಹೊಡೆದು ಹಾಕಿದರು.

ವಾಪಸು ಬರುವಾಗ ಹಡಗಿನ ಕಟಕಟೆಯ ಹತ್ತಿರ ನೀನು ಒಂದೇ ಸಲ ಕೇಳಿದೆ. "ನಿಜ ಹೇಳು ರಾಘು, ನಿಂಗೂ ಕಾಣಿಸ್ತು ಅಲ್ವಾ?"

"ಒಣಗೆಲೆ ಅಲ್ಲಾಡಿರ್ಬೇಕು," ಅಂದೆ.

"ಹಾಗಾದ್ರೆ ನನ್ನ ಕಣ್ಣೇ ಸರಿಯಿಲ್ಲ ಕಣೋ," ಎಂದು ಬೈನಾಕ್ಯುಲರನ್ನು ಚೀಲದೊಳಗೆ ಹಾಕಿದೆ. ಆಮೇಲೆ ಅದು ಹೊರಗೆ ಬಂದದ್ದನ್ನು ನಾನು ಕಾಣೆ.

ಎರಡು ವರ್ಷದ ಮೇಲೆ ಕೀಲ್ಪಾಕಿನ ಬಸ್ ಸ್ಟಾಪಿನಲ್ಲಿ ನಿಮ್ಮಮ್ಮ ಸಿಕ್ಕಿದ್ದರು. "ಹಕ್ಕಿ ಓದೇ ಓದ್ತೀನೀಂತ ನಾವು ನೋಡಿದ್ದ ಹುಡುಗನ ಜಾತಕ, ಫೋಟೋ ಎಲ್ಲಾ ಹಡಗು ಹತ್ತೋ ಮುಂಚೆ ತಾನೇ ವಾಪಸ್ ಪೋಸ್ಟ್ ಮಾಡಿಬಿಟ್ಟಿದ್ಲಪ್ಪಾ," ಅಂದರು. "ಅಲ್ಲಿಂದ ಬಂದ್ಮೇಲೆ ಏನಾಯ್ತೋ — ಯಾರನ್ನಾದ್ರೂ ನೋಡಿ, ಮಾಡ್ಕೋತೀನಿ ಅಂದ್ಲು."

ಆ ಲಕೋಟೆ! ಆಗಲಾದರೂ ಬಾಯಿ ಬಿಡಬಹುದಿತ್ತು. ಅವರ ತರಕಾರಿ ಚೀಲ ಎತ್ತಿ ಬಸ್ಸಿನೊಳಗಿಟ್ಟು ಮನೆಗೆ ಬಂದೆ.

ಆಮೇಲೆ ಸುನಾಮಿ ಬಂತು. ಆ ಹಳ್ಳದ ಬಾಯಿ, ಕೇದಗೆ ಪೊದೆ, ನಾವು ನಿಂತಿದ್ದ ಮರಳು, ಎಲ್ಲ ಈಗ ನೀರಿನಡಿ. ಅಲ್ಲಿಗೆ ಹೋಗಿ ನೀನು ಹೇಳಿದ್ದು ನಿಜವೆಂದು ಇನ್ನು ಯಾರೂ ನೋಡಿ ಬರಲಾರರು. ಇದ್ದದ್ದು ಇಬ್ಬರು ಸಾಕ್ಷಿ, ಅದರಲ್ಲಿ ಒಬ್ಬ ನಾನು. ಈಗಲೂ ನನ್ನ ಮೇಲೆ ನನಗೇ ಅನುಮಾನ — ಎದೆ ಹಗುರ ಮಾಡಿಕೊಳ್ಳಲು ಬರೆಯುತ್ತಿದ್ದೇನೋ, ನಿನಗಾಗಿಯೋ... ಗೊತ್ತಿಲ್ಲ.

ನಾನು ಸುಳ್ಳು ಬರೆದಿದ್ದೆನೆಂದು ಸಾರ್‌ಗೂ, ವರದಿ ಅಚ್ಚಾದ ಪತ್ರಿಕೆಗೂ ಇವತ್ತು ಬೆಳಿಗ್ಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಾಗದ ಕಳಿಸಿದೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನಿನ್ನ ಹಳೆಯ ಪುಸ್ತಕ ಇನ್ನೂ ಇದ್ದರೆ, ಕೊಕ್ಕು ಎಂಬಲ್ಲಿ ನೀನು ಖಾಲಿ ಬಿಟ್ಟ ಜಾಗ ತುಂಬಿಸಿಕೋ. ಹಕ್ಕಿಯ ಮುಖ ನನ್ನ ಕಡೆಗಿತ್ತು, ವಸುಧಾ. ಕೊಕ್ಕಿನ ತುದಿ ಹಸಿರು, ಬುಡ ಕೆಂಪು.