ಸೊನ್ನೆ ಅಲ್ಲ, ಕಾಣಲಿಲ್ಲ

ಕಾಣಲಿಲ್ಲ ಎಂದರೆ ಇಲ್ಲ ಎಂದರ್ಥವಲ್ಲ. ಇದು ಕಣ್ಣಾಮುಚ್ಚಾಲೆ ಆಡುವ ಮಕ್ಕಳಿಗೂ ಗೊತ್ತು, ಕಚೇರಿಗಳಿಗೆ ಮಾತ್ರ ಗೊತ್ತಿಲ್ಲ.

ನೀರು ಪರೀಕ್ಷಾ ಕೇಂದ್ರದಲ್ಲಿ ಎಲ್ಲರೂ ಸೀಸೆಯಕ್ಕ ಎಂದೇ ಕರೆಯುವವಳ ಕೆಲಸ, ಸೀಸೆಯಲ್ಲಿ ಬಂದ ನಲ್ಲಿ ನೀರಿನಲ್ಲಿ ಸೀಸವೆಂಬ ವಿಷ ಹುಡುಕುವುದು. ಅಲ್ಲಿನ ಹಳೇ ಯಂತ್ರಕ್ಕೆ ಸೀಸ ಲೀಟರಿಗೆ ಐದು ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕಾಣುವುದಿಲ್ಲ. ಕಾಣದ ಕಡೆಯೆಲ್ಲ ಕಚೇರಿಯವರು ಆರಾಮಾಗಿ ಸೊನ್ನೆ ಬರೆಯುತ್ತಿದ್ದರು. ಒಳ್ಳೆಯ ನಲ್ಲಿಗಳ ಅಂಕಿ ಎಷ್ಟರವರೆಗೆ ಏರಿಳಿಯಬಹುದು ಎಂದು ಸಾಫ್ಟ್‌ವೇರ್ ಅಂದಾಜು ಮಾಡುತ್ತಿದ್ದದ್ದು ಆ ಸೊನ್ನೆಗಳಿಂದಲೇ. ಅಂಕಿಗಳು ಸೊನ್ನೆಯಿಂದ ಆರಕ್ಕೆ ನೆಗೆಯುವುದನ್ನು ಕಂಡು, ಎಂಟು ಬಂದರೂ ಅದು ಮಾಮೂಲಿ ಎನ್ನುತ್ತಿತ್ತು. ಶಾಲೆಯ ನಲ್ಲಿಯಲ್ಲಿ ಬಂದದ್ದು ಎಂಟು. ಆ ನೀರು ಕುಡಿಯುವವರಲ್ಲಿ ಸೀಸೆಯಕ್ಕನ ಮಗಳೂ ಒಬ್ಬಳು.

ಸೀಸೆಯಕ್ಕ ಸೊನ್ನೆಗಳನ್ನೆಲ್ಲ ಅಳಿಸಿ, 'ಐದಕ್ಕಿಂತ ಕಡಿಮೆ, ಎಷ್ಟೆಂದು ತಿಳಿಯದು' ಎಂದು ತುಂಬಿದಳು. ಸೊನ್ನೆಯಿಂದ ನೆಗೆಯುವ ಸುಳ್ಳು ಏರಿಳಿತ ಹೋದ ಮೇಲೆ ಸಾಫ್ಟ್‌ವೇರ್ ಹೊಸದಾಗಿ ಲೆಕ್ಕ ಹಾಕಿ, ಒಳ್ಳೆಯ ನಲ್ಲಿ ಏಳು ದಾಟುವುದು ತೀರಾ ಅಪರೂಪ ಎಂದಿತು. ಅಂದರೆ ಶಾಲೆಯ ಎಂಟು ಮಾಮೂಲಿಯಲ್ಲ.

ಮೇಲಧಿಕಾರಿ ಗೊಣಗಿದರು. "ಕಾಣ್ಲಿಲ್ಲ ಅಂದ್ರೆ ಸೊನ್ನೆ ತಾನೇ ಕಣಮ್ಮ?"

"ಸಾರ್, ಸ್ವಲ್ಪ ಕನ್ನಡಕ ತೆಗೀರಿ. ಗೋಡೆ ಗಡಿಯಾರದಲ್ಲಿ ಗಂಟೆ ಎಷ್ಟು?"

ಅವರು ತೆಗೆದು ಕಣ್ಣು ಕಿರಿದು ಮಾಡಿದರು. "ಕಾಣಲ್ವಲ್ಲ."

"ಹಾಗಾದ್ರೆ ಸೊನ್ನೆ ಅಂತ ಬರ್ಕೋತೀನಿ. ಇವತ್ತು ನಿಮಗೆ ಊಟದ ಹೊತ್ತೇ ಆಗಲ್ಲ ಬಿಡಿ."

ಅವರಿಗೆ ನಗು ತಡೆಯಲಾಗಲಿಲ್ಲ. "ನಿನ್ನ ಬಾಯಿಗಂತೂ ಬೀಗ ಹಾಕೋಕಾಗಲ್ಲ, ಆ ನಲ್ಲಿಗಾದ್ರೂ ಹಾಕ್ಸು" ಎಂದು ಅವಳ ವರದಿಗೆ ಸಹಿ ಮಾಡಿದರು. ವಾರದೊಳಗೆ ಶಾಲೆಗೆ ಹೊಸ ಕೊಳವೆ ಬಂತು.

ನಿಮ್ಮ ಬೀದಿಯ ನೀರಿನ ವರದಿಯಲ್ಲೂ ಸೊನ್ನೆ ಇದೆಯೇ? ಅದು ಅಳೆದ ಸೊನ್ನೆಯೋ, ಸುಮ್ಮನೆ ಬರೆದ ಸೊನ್ನೆಯೋ, ಇವತ್ತೇ ಹೋಗಿ ಕೇಳಿ.