ಕಾಶವ್ವ ಮತ್ತು ಬಾಬಿನ್ನಿನ ಹಗ್ಗ

ಕುರ್ಲಾದ ನಮ್ಮ ಚಾಳಿನಲ್ಲಿ ಸಂಜೆ ನಾಲ್ಕಾಯಿತೆಂದು ತಿಳಿಯಲು ಗಡಿಯಾರ ನೋಡಬೇಕಿರಲಿಲ್ಲ. ಪಕ್ಕದ ಖೋಲಿಯಲ್ಲಿ ಗರಗರ ಸದ್ದು ಶುರುವಾಗುತ್ತಿತ್ತು. ಮದುವೆಯಾಗಿ ಧಾರವಾಡದಿಂದ ಆಗಷ್ಟೇ ಬಂದಿದ್ದ ನಾನು, ಯಾರೋ ಬೀಸುವ ಕಲ್ಲು ಇಟ್ಟುಕೊಂಡಿದ್ದಾರೆ ಅಂದುಕೊಂಡಿದ್ದೆ. ಮೂರನೆಯ ದಿನ ಕುತೂಹಲ ತಡೆಯಲಾಗದೆ ಇಣುಕಿದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಕಾಲು ಅಗಲಿಸಿ, ಕಂಬದ ಹಾಗೆ ನಿಂತಿದ್ದಳು. ಬೆನ್ನ ಹಿಂದೆ ಒಂದು ದಪ್ಪ ಹಗ್ಗ. ಹಗ್ಗದ ತುಂಬ ಮಣಿಸರದಂತೆ ಪೋಣಿಸಿದ ಮರದ ಬಾಬಿನ್ನುಗಳು, ಮಿಲ್ಲಿನಲ್ಲಿ ನೂಲು ಸುತ್ತುತ್ತಾರಲ್ಲ, ಅವು. ಹಗ್ಗದ ಒಂದು ತುದಿ ಬಲಗೈಯಲ್ಲಿ ಭುಜದ ಮೇಲೆ, ಇನ್ನೊಂದು ಎಡಗೈಯಲ್ಲಿ ಸೊಂಟದ ಬಳಿ. ಆಕೆ ಕಣ್ಣು ಮುಚ್ಚಿಕೊಂಡು ಹಗ್ಗವನ್ನು ಅತ್ತಿಂದಿತ್ತ ಎಳೆಯುತ್ತಿದ್ದಳು. ಬಾಬಿನ್ನುಗಳು ಬೆನ್ನಿನ ಮೇಲೆ ಉರುಳುತ್ತಿದ್ದವು.

ಕಣ್ಣು ತೆರೆಯದೆಯೇ ಕೇಳಿದಳು: "ಯಾರವ್ವಾ? ಹೊಸ ಸೊಸೀ ಏನು? ಒಳಗ ಬಾ. ನಂದಿನ್ನಾ ಎಡಗಡೆ ಆಗಬೇಕು."

ಕಾಶವ್ವ ವಿಜಾಪುರದ ಕಡೆಯವಳು. ಗಂಡ ತೀರಿಕೊಂಡಿದ್ದ. ಒಬ್ಬಳೇ ಇದ್ದಳು. ಹತ್ತಿರದ ಒಂದು ಬಟ್ಟೆ ಮಿಲ್ಲಿನಲ್ಲಿ ನೂಲು ಸುತ್ತುವ ಖಾತೆಯಲ್ಲಿ ಕೆಲಸ. ಬೆಳಗ್ಗೆ ಏಳರಿಂದ ನಿಂತೇ ಇರಬೇಕು. ಕಡಿದ ಎಳೆಗೆ ಬಗ್ಗಬೇಕು, ಗಂಟು ಹಾಕಬೇಕು, ಮತ್ತೆ ಏಳಬೇಕು. ಆಕೆಯ ಜೊತೆಯವರೆಲ್ಲ ನಲವತ್ತಕ್ಕೇ ಸೊಂಟ ಹಿಡಿದುಕೊಂಡು ನಡೆಯುತ್ತಿದ್ದರು. ಕಾಶವ್ವ ಮಾತ್ರ ನೀರಿನ ಕೊಡ ಹೊತ್ತು ಮೂರು ಮಹಡಿ ಹತ್ತಿ ಬಂದು, ಉಸಿರು ಏರಿಸದೆ ಮಾತಾಡುತ್ತಿದ್ದಳು. ನಾನು ಇಪ್ಪತ್ತರವಳು, ಎರಡನೆಯ ಮಹಡಿಗೇ ಏದುಸಿರು ಬಿಡುತ್ತಿದ್ದೆ.

ಆಕೆಯ ಗೋಡೆಯ ಮೇಲೆ ದೇವರ ಪಟ ಒಂದೇ. ಅದರ ಕೆಳಗೆ ಸಾಲಾಗಿ ಮೊಳೆಗಳು, ಮೊಳೆಗೊಂದು ಸಾಮಾನು. ಬಾಬಿನ್ನಿನ ಹಗ್ಗ. ತೊಡೆಗೆ, ಮೀನಖಂಡಕ್ಕೆ ಉರುಳಿಸಲು ಒಂದು ಹಳೆಯ ಲಟ್ಟಣಿಗೆ. ಬಟ್ಟೆ ಹರಿದುಹೋದ ಕೊಡೆಯ ಬಾಗಿದ ಬೆತ್ತದ ಹಿಡಿಕೆ. ಅದನ್ನು ಭುಜದ ಮೇಲಿಂದ ಹಿಂದಕ್ಕೆ ಇಳಿಬಿಟ್ಟು, ಕೈಗೆ ಸಿಗದ ಜಾಗದ ಗಂಟನ್ನು ಒತ್ತಿ ಹಿಡಿಯುತ್ತಿದ್ದಳು. ಮರಳು ತುಂಬಿದ ಬಟ್ಟೆಯ ಗಂಟು, ಬಿಸಿ ಮಾಡಿ ಮೊಣಕಾಲಿನ ಸುತ್ತ ಇಡಲು. ಕೆಳಗೆ ನೆಲದ ಮೇಲೆ ನುಣುಪಾದ ಗುಂಡುಕಲ್ಲು. ಅಕ್ಕಿ ಆರಿಸುವಾಗ ಅದರ ಮೇಲೆ ಅಂಗಾಲು ಇಟ್ಟು ಉರುಳಿಸುತ್ತ ಕೂತಿರುತ್ತಿದ್ದಳು.

"ಇದನ್ನೆಲ್ಲಾ ಯಾರು ಕಲಿಸಿದರು ಚಿಗವ್ವಾ?" ಎಂದು ಕೇಳಿದ್ದೆ.

"ಯಾರು ಕಲಸ್ತಾರ? ಮೈನ ಹೇಳತೈತಿ. ಸಿಹಿ ನೋವು ಇರೂತನಕ ಒತ್ತಬೇಕು. ಖಾರ ಆತಂದ್ರ ಬಿಡಬೇಕು. ಎಲುಬಿನ ಮ್ಯಾಲ ಒತ್ತಬಾರದು, ಕೀಲಿನ ಮ್ಯಾಲ ಒತ್ತಬಾರದು, ಅದರ ಆಜುಬಾಜು ಒತ್ತಬೇಕು. ಇಷ್ಟ ವಿದ್ಯಾ."

ಇಷ್ಟು ಬಲ್ಲವಳು ಬೇರೆ ಯಾರ ಮೈಯನ್ನೂ ಮುಟ್ಟುತ್ತಿರಲಿಲ್ಲ. ಅದು ಚಾಳಿನವರಿಗೆಲ್ಲ ಒಗಟು. ಕೆಲವರು ಜಂಬ ಅಂದರು. ಕೆಲವರು ಏನೋ ಹರಕೆ ಇರಬೇಕು ಅಂದರು.

ಕೆಳಗಿನ ಮಹಡಿಯಲ್ಲಿ ಉಡುಪಿ ಕಡೆಯ ಶೀನಣ್ಣ ಇದ್ದ. ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ದೋಸೆಗೆ, ಇಡ್ಲಿಗೆ ಹಿಟ್ಟು ರುಬ್ಬುವವನು. ಬಾಗಿಲು ತುಂಬುವಂಥ ಆಳು. ಒಂದು ದಿನ ಅವನ ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳದಾಯಿತು. ಹದಿನೈದು ದಿನದಲ್ಲಿ ಸರಿಯಾಗದಿದ್ದರೆ ಊರಿಗೆ ಹೋಗು ಅಂದಿದ್ದರಂತೆ ಹೋಟೆಲಿನವರು. ಊರಲ್ಲಿ ಅವನನ್ನು ನಂಬಿಕೊಂಡು ತಾಯಿ, ಇಬ್ಬರು ತಂಗಿಯರು. ಕಾಶವ್ವನ ಬಾಗಿಲಲ್ಲಿ ಬಂದು ಕೂತ.

"ನಿಮ್ಮ ಕೈ ಒಮ್ಮೆ ಮುಟ್ಟಿಸಿ ಅಮ್ಮ. ಎಂತ ಮಾಡುದು ಅಂತ ಗೊತ್ತಾಗುದಿಲ್ಲ ನಂಗೆ."

"ನಾ ಮುಟ್ಟಂಗಿಲ್ಲ. ಆದ್ರ ನೀ ಎದ್ದು ಆ ಗೋಡಿಗೆ ಬೆನ್ನು ಕೊಡು," ಅಂದಳು ಕಾಶವ್ವ.

ಮಿಲ್ಲಿನ ಚಿಂದಿ ಬಟ್ಟೆಯನ್ನು ಗಟ್ಟಿಯಾಗಿ ಸುತ್ತಿ ಒಂದು ಚೆಂಡು ಮಾಡಿಕೊಟ್ಟಳು. ಅದನ್ನು ಬೆನ್ನಿಗೂ ಗೋಡೆಗೂ ನಡುವೆ, ರೆಕ್ಕೆ ಎಲುಬಿನ ಪಕ್ಕದಲ್ಲಿ ಇಟ್ಟುಕೊಂಡು ಮೆಲ್ಲಗೆ ಒರಗಲು ಹೇಳಿದಳು. ತಾನು ಎರಡು ಮೊಳ ದೂರದಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. "ಇನ್ನೊಂದೀಟು ಕೆಳಗ. ಸಿಕ್ಕಿತೇನು? ಹಾಂ, ಮಾರಿ ನೋಡಿದ್ರ ತಿಳೀತೈತಿ. ಈಗ ನೋವಿಂದ ಓಡಬ್ಯಾಡ. ಹತ್ತು ಸಲ ಉಸಿರು ಬಿಡು. ಅದನ್ನ ಹೆದರಿಸಬಾರದು, ಮಾತಾಡಿಸಬೇಕು." ಬರೀ ಅವನ ಮುಖ ನೋಡಿಯೇ ಚೆಂಡು ಎಲ್ಲಿದೆ, ಒತ್ತು ಹೆಚ್ಚಾಯಿತೋ ಕಡಿಮೆಯಾಯಿತೋ ಆಕೆಗೆ ತಿಳಿಯುತ್ತಿತ್ತು. ನಾನು ಹೊಸಿಲ ಮೇಲೆ ಕೂತು ಬಾಯಿ ತೆರೆದುಕೊಂಡು ನೋಡುತ್ತಿದ್ದೆ.

ದಿನಾ ಎರಡು ಹೊತ್ತು ಹೀಗೆ ನಡೆಯಿತು. ಹನ್ನೆರಡನೆಯ ದಿನ ಶೀನಣ್ಣ ತನ್ನ ಅಂಗಿಯನ್ನು ತಾನೇ ಎತ್ತರದ ಗೂಟಕ್ಕೆ ನೇತುಹಾಕಿದ. ಹಾಕಿದವನು ಅಲ್ಲೇ ನಿಂತು ಅಳತೊಡಗಿದ. ಕಾಶವ್ವ, "ನಾಳಿಂದ ಒಂದ ಕೈಲೆ ರುಬ್ಬಬ್ಯಾಡ, ಕೈ ಬದಲಿ ಮಾಡು," ಎಂದಷ್ಟೇ ಹೇಳಿ ಒಲೆ ಊದಲು ಕೂತಳು.

ಮರುವರ್ಷ ನನಗೆ ಹೆರಿಗೆಯಾಯಿತು, ಹೆಣ್ಣು ಮಗು. ನನಗೆ ತಾಯಿ ಇರಲಿಲ್ಲ, ಆದ್ದರಿಂದ ಬಾಣಂತನಕ್ಕೆ ಅತ್ತೆಯೇ ಧಾರವಾಡದಿಂದ ಬಂದಿದ್ದರು. ಪಳಗಿದ ಕೈ. ಹನ್ನೊಂದನೆಯ ದಿನ ನನ್ನ ಎಡಗಾಲಿನ ಮೀನಖಂಡ ಸೆಳೆಯತೊಡಗಿತು. ಮರುದಿನ ಬೆಳಗ್ಗೆ ಅದು ಊದಿಕೊಂಡು, ಚರ್ಮ ಬಿಗಿದು ಹೊಳೆಯುತ್ತಿತ್ತು. ಅತ್ತೆ, "ಥಂಡಿ ಹಿಡದೈತಿ, ಚಲೋತ್ನಾಗಿ ತಿಕ್ಕಿದ್ರ ಇಳೀತೈತಿ," ಎಂದು ಎಣ್ಣೆ ಬಿಸಿಗಿಟ್ಟರು. ನನಗೂ ಹಾಗೇ ಅನ್ನಿಸಿತು. "ಕಾಶವ್ವನ ಲಟ್ಟಣಿಗಿ ತರ್ರಿ ಅತ್ತೀ, ಉರುಳಿಸಿದ್ರ ಹಗರ ಆಗತೈತಿ," ಎಂದು ನಾನೇ ಕಳಿಸಿದೆ. ಅಂದು ಮಿಲ್ಲಿಗೆ ವಾರದ ರಜೆ. ಆಕೆ ಮನೆಯಲ್ಲೇ ಇದ್ದಳು.

ಲಟ್ಟಣಿಗೆ ಬರಲಿಲ್ಲ. ಕಾಶವ್ವನೇ ಬಂದಳು. "ಒಂದ ಕಾಲೋ, ಎರಡೂನೋ?" ಎಂದು ಕೇಳುತ್ತಲೇ ಒಳಗೆ ಬಂದು ನನ್ನ ಪಕ್ಕ ಕೂತಳು. ನಂತರ ಅವಳು ಎಂದೂ ಮಾಡದ್ದನ್ನು ಮಾಡಿದಳು. ಅಂಗೈಯ ಹಿಂಭಾಗವನ್ನು ಮೊದಲು ನನ್ನ ಬಲಗಾಲಿಗೆ, ಆಮೇಲೆ ಎಡಗಾಲಿಗೆ ಸೋಕಿಸಿದಳು. ಹೂವಿನ ಮೇಲೆ ಇಟ್ಟಷ್ಟು ಹಗುರಾಗಿ.

"ಈ ಕಾಲು ಕಾದೈತಿ. ಇದನ್ನ ಯಾರೂ ಮುಟ್ಟಬ್ಯಾಡ್ರಿ. ದವಾಖಾನಿಗೆ ಒಯ್ಯಬೇಕು. ಈಗಿಂದೀಗ."

ಅತ್ತೆಗೆ ಸಿಟ್ಟು ಬಂತು. "ನಾಕು ಬಾಣಂತನ ಮಾಡೀನಿ ನಾನು. ಕಾಲು ಸೆಳದ್ರ ದವಾಖಾನಿ ಅಂತಾರೇನು? ತಿಕ್ಕಿದ್ರ ಹೋಗೂದಕ್ಕ?"

ಕಾಶವ್ವ ದನಿ ಏರಿಸಲಿಲ್ಲ. ಎಣ್ಣೆಯ ಬಟ್ಟಲು ಹಿಡಿದಿದ್ದ ಅತ್ತೆಯ ಮಣಿಕಟ್ಟನ್ನು ಹಿಡಿದು ಕೂತಲ್ಲೇ ಹೇಳಿದಳು: "ಅಕ್ಕಾ, ನಾ ಒಮ್ಮಿ ತಿಕ್ಕೀನಿ. ನನ್ನ ಮಗಳಿಗೆ. ಹಿಂಗ ಊದಿದ ಕಾಲು. ತಿಕ್ಕಿದ ಮ್ಯಾಲ ಆಕಿ ಉಳೀಲಿಲ್ಲ. ನಿಮ್ಮ ಕಾಲ ಬೀಳ್ತೀನಿ, ಈ ಕೂಸಿನ ತಾಯೀನ ಉಳಸ್ರಿ."

ಅತ್ತೆ ಬಟ್ಟಲು ಕೆಳಗಿಟ್ಟರು.

ನನ್ನನ್ನು ನಡೆಯಲು ಸಹ ಕಾಶವ್ವ ಬಿಡಲಿಲ್ಲ. ಹಗ್ಗದ ಹೊರಸಿನ ಮೇಲೆ ಮಲಗಿಸಿ, ನಾಲ್ಕು ಜನ ಹೊತ್ತು ಮೆಟ್ಟಿಲಿಳಿಸಿದರು. ತಲೆಯ ಕಡೆ ಬಲಗೈಯಲ್ಲಿ ಹಿಡಿದವನು ಶೀನಣ್ಣ. ರಸ್ತೆಯಲ್ಲಿ ಟ್ಯಾಕ್ಸಿ. ದವಾಖಾನೆಯ ಡಾಕ್ಟರ್‌ಬಾಯಿ ನೋಡಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ, "ಮಾಲೀಸು ಮಾಡಿದಿರಾ?" ಇಲ್ಲ ಅಂದೆವು. ಆಕೆ ಉಸಿರು ಬಿಟ್ಟಳು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ತಿಕ್ಕಿದ್ದರೆ ಅದು ಕಿತ್ತು ಮೇಲೇರಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳಬಹುದಿತ್ತು, ಆಗ ತಮ್ಮಿಂದ ಏನೂ ಮಾಡಲಾಗುತ್ತಿರಲಿಲ್ಲ ಎಂದು ನನ್ನ ಯಜಮಾನರಿಗೆ ತಿಳಿಸಿ ಹೇಳಿದಳು. ಕಾಲು ಎತ್ತರಕ್ಕಿಟ್ಟು ಮೂರು ವಾರಕ್ಕೂ ಮೇಲೆ ನನ್ನನ್ನು ಅಲ್ಲೇ ಇರಿಸಿಕೊಂಡರು. ಕಾಶವ್ವ ಮಿಲ್ಲು ಬಿಟ್ಟ ಮೇಲೆ ದಿನಾ ಬಂದು, ಮಗುವನ್ನು ನೋಡಿ, ಎರಡು ಮಾತಾಡಿ ಹೋಗುತ್ತಿದ್ದಳು.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ನಾನು ಕೇಳದೆಯೇ ಎಲ್ಲವನ್ನೂ ಹೇಳಿದಳು. ಮಗಳ ಹೆಸರು ಗೌರಿ. ಹದಿನೆಂಟು ವರ್ಷ. ಚೊಚ್ಚಲ ಹೆರಿಗೆ. ಒಂಬತ್ತನೆಯ ದಿನ ಕಾಲು ಊದಿತು. ಇಡೀ ಊರಿಗೆ ಕಾಶವ್ವನ ಕೈಯೇ ಔಷಧಿ ಆಗಿದ್ದ ಕಾಲ. ಉಳುಕು, ಹಿಡಿತ, ಯಾರಿಗೆ ಏನಾದರೂ ಆಕೆಯನ್ನೇ ಕರೆಯುತ್ತಿದ್ದರು. ಎರಡು ದಿನ ಔಡಲೆಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದಳು. ಮೂರನೆಯ ಬೆಳಗ್ಗೆ ಗೌರಿ ಎದ್ದು ಕೂತು, "ಅವ್ವಾ, ಉಸರ ಬರವಲ್ದು," ಅಂದಳು. ಅಷ್ಟೇ. ಕೂಸೂ ತಿಂಗಳೊಳಗೆ ಹೋಯಿತು. ಏನಾಯಿತೆಂದು ಊರಲ್ಲಿ ಯಾರಿಗೂ ತಿಳಿಯಲಿಲ್ಲ. ಎಷ್ಟೋ ವರ್ಷದ ಮೇಲೆ ಮಿಲ್ಲಿನ ದವಾಖಾನೆಯ ನರ್ಸೊಬ್ಬಳು, ಬೇರೆ ಯಾರದೋ ಕಾಲಿನ ವಿಷಯ ಹೇಳುವಾಗ, ಕಾಶವ್ವನಿಗೆ ತಿಳಿಯಿತು.

"ಅವತ್ತ ಕೈ ಕಡದ ಒಗೀಬೇಕು ಅನಿಸಿತ್ತು," ಅಂದಳು. "ಒಗದ್ರ ಹೊಟ್ಟಿಗೆ ಏನ ತಿನ್ನೂದು? ಮಂದಿ ಮೈಯಾಗ ಏನೈತೋ ನಮಗ ತಿಳಿಯಂಗಿಲ್ಲ ತಂಗಿ. ಆದ್ರ ನನ್ನ ಮೈ ನನಗ ಹೇಳತೈತಿ. ಅದಕ್ಕ ಅದೊಂದನ್ನ ಕೇಳಕೋತ ಬಂದೆ."

ಇಂಥ ಒಂದು ಪೆಟ್ಟು ಬಿದ್ದರೆ ಕೈಕಾಲು ಬಿಟ್ಟು ಮೂಲೆ ಸೇರುವವರನ್ನು ಕಂಡಿದ್ದೇನೆ. ಈಕೆ ದಿನಾ ಸಂಜೆ ಗೋಡೆಯತ್ತ ಮುಖ ಮಾಡಿ ನಿಂತು, ಒಂದೊಂದು ನರವನ್ನೂ ವಿಚಾರಿಸಿಕೊಂಡು, ಮರುದಿನದ ದುಡಿಮೆಗೆ ತನ್ನನ್ನು ತಾನು ಎಬ್ಬಿಸಿ ನಿಲ್ಲಿಸಿಕೊಳ್ಳುತ್ತಿದ್ದಳು. ಹೊಲಿಗೆ ಯಂತ್ರದ ಮೇಲೆ ಬಗ್ಗಿ ಕತ್ತು ಹಿಡಿದವರು, ಲೋಕಲ್ ರೈಲಿನಲ್ಲಿ ನೇತಾಡಿ ಭುಜ ಹಿಡಿದವರು, ಎಲ್ಲರೂ ಆಮೇಲೂ ಆಕೆಯ ಹತ್ತಿರ ಬಂದರು. ಎಲ್ಲರಿಗೂ ಅವಳ ಮೊದಲ ಪ್ರಶ್ನೆ, ಊದೈತೇನು, ಕಾದೈತೇನು. ಹೌದೆಂದರೆ ದವಾಖಾನೆಯ ದಾರಿ. ಇಲ್ಲವೆಂದರೆ ಗೋಡೆ, ಚೆಂಡು, ಹತ್ತು ಉಸಿರು.

ಮುಂದೆ ಮಿಲ್ಲಿಗೆ ಹೊಸ ಯಂತ್ರಗಳು ಬಂದವು, ಸುತ್ತುವ ಖಾತೆಯ ಹೆಂಗಸರನ್ನು ಕಡಿಮೆ ಮಾಡಿದರು. ಅಷ್ಟರಲ್ಲಿ ನಾವು ಮುಲುಂಡಿಗೆ ಮನೆ ಬದಲಿಸಿದ್ದೆವು. ಕಾಶವ್ವ ವಿಜಾಪುರಕ್ಕೆ, ಅಣ್ಣನ ಮಗನ ಮನೆಗೆ ಹೊರಟು ನಿಂತಳು. ಬೋರಿಬಂದರ್ ಸ್ಟೇಷನ್ನಿಗೆ ಬೀಳ್ಕೊಡಲು ಬರುತ್ತೇನೆ ಅಂದರೆ ಒಪ್ಪಲಿಲ್ಲ. "ಆ ಗದ್ದಲದಾಗ ಕೂಸಿನ್ನ ತರಬ್ಯಾಡ. ನನ್ನ ಗಾಡಿ ನಿಮ್ಮ ಮುಲುಂಡದ ಮ್ಯಾಲ ಹೋಗತೈತಂತ. ಅಲ್ಲಿ ಸ್ಟೇಷನ್ನಿನಾಗ ನಿಂದರು, ನೋಡ್ತೀನಿ," ಅಂದಳು.

ಮಗಳನ್ನು ಎತ್ತಿಕೊಂಡು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತೆ. ಗಾಡಿ ಅಲ್ಲಿ ನಿಲ್ಲುವಂಥದ್ದಲ್ಲ, ಧೂಳೆಬ್ಬಿಸಿಕೊಂಡು ಬಂತು, ಹೋಯಿತು. ಥರ್ಡ್ ಕ್ಲಾಸಿನ ಕಿಟಕಿಗಳ ತುಂಬ ಮುಖಗಳು, ಕೈಗಳು. ಯಾವುದು ಆಕೆಯದೆಂದು ನನಗೆ ಗೊತ್ತಾಗಲಿಲ್ಲ. ಮಗಳು ಎಲ್ಲ ಕೈಗಳಿಗೂ ಕೈ ಬೀಸಿದಳು.

ಎರಡು ವಾರಕ್ಕೆ ಅಣ್ಣನ ಮಗ ಬರೆದ ಕಾರ್ಡು ಬಂತು. "ನಮ್ಮ ಅತ್ತಿ ಸುಖರೂಪ ಮುಟ್ಯಾರ. ಮುಲುಂಡದಾಗ ನಿಮ್ಮನ್ನ ನೋಡಿದ್ರಂತ. ಹುಡುಗಿ ಕೆಂಪು ಲಂಗ ಹಾಕ್ಕೊಂಡಿದ್ಲಂತ. ನೀವು ಆಕೀನ ಎತ್ತಿಕೊಂಡಿದ್ರಿ, ಕೆಳಗ ನಿಂದರಿಸಿದ್ರ ಎಷ್ಟೆತ್ತರ ಆಗ್ಯಾಳ ನೋಡ್ತಿದ್ದೆ ಅಂತ ಹೇಳ್ತಾರ."

ಅಂದೇ ಮಗಳನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿದೆ. ಹಿಮ್ಮಡಿಯಿಂದ ನೆತ್ತಿಯವರೆಗೆ ಒಂದು ನೂಲು ಹಿಡಿದು, ಕತ್ತರಿಸಿ, ಲಕೋಟೆಯಲ್ಲಿ ಹಾಕಿ ವಿಜಾಪುರಕ್ಕೆ ಕಳಿಸಿದೆ. ಮುಂದಿನ ವರ್ಷ ಮಗಳ ಹುಟ್ಟುಹಬ್ಬಕ್ಕೂ ಕಳಿಸಿದೆ. ಮೂರನೆಯದು ಮುಟ್ಟುವ ಮೊದಲೇ ಕಾಶವ್ವ ತೀರಿಹೋಗಿದ್ದಳು. ಕೆಲವು ತಿಂಗಳ ಮೇಲೆ ಅಣ್ಣನ ಮಗ ಸುದ್ದಿ ಬರೆದು, ಆ ನೂಲನ್ನು ಕಾಗದದೊಳಗೆ ಮಡಿಸಿ ಹಿಂದಕ್ಕೆ ಕಳಿಸಿದ. ಬಿಚ್ಚಿ ಮಗಳ ಪಕ್ಕ ಹಿಡಿದು ನೋಡಿದೆ. ಅಷ್ಟರಲ್ಲಿ ಅವಳು ಅದಕ್ಕಿಂತ ಎರಡು ಬೆರಳು ಎತ್ತರವಾಗಿದ್ದಳು.